ಮೂರನೆಯ ಚೀಲ

ತಿಂಗಳ ಮೊದಲ ಗುರುವಾರ ನಮ್ಮ ಗ್ಯಾರೇಜಿನಿಂದ
ಕಾರು ಹೊರಗೆ ಹೋಗುತ್ತದೆ, ಉದ್ದನೆಯ ಮೇಜು ಒಳಗೆ ಬರುತ್ತದೆ.
ಕಂದು ಕಾಗದದ ಚೀಲ ತೊಡಿಸಿಯೇ ಬಾಟಲಿ ತರಬೇಕು, ಅದು ಕಟ್ಟಳೆ.
ಲೋವೆಲ್ ಅವುಗಳ ಮೇಲೆ ನಂಬರು ಬರೆಯುತ್ತಾನೆ.
ಮೂವತ್ತೊಂದು ವರ್ಷ ಹಲ್ಲು ಕಿತ್ತ ಕೈ.
ಬಿರಡೆ ಕೀಳುವಾಗಲೂ ಅದೇ ಮಾತು:
"ಆಯ್ತು, ಆಯ್ತು, ಬಂತು ನೋಡಿ."

ನಾನು ಕುಡಿಯುವುದಿಲ್ಲ. ಬಿಟ್ಟು ಹನ್ನೊಂದು ವರ್ಷ.
ಚೀಸು ಕೊಯ್ಯುತ್ತೇನೆ, ಲೋಟ ತೊಳೆಯುತ್ತೇನೆ.
ಕ್ಯಾಲಿಸ್ಟೋಗಾದ ಗುಡ್ಡಗಳ ಮೇಲೆ ಈ ಸಲ ಹೊಗೆ ಇಲ್ಲ,
ಬಾಗಿಲು ತೆರೆದೇ ಇತ್ತು.

ಮೊದಲನೆಯದಕ್ಕೆ ಹೂಂ ಅಂದರು.
ಎರಡನೆಯದಕ್ಕೆ ತಲೆಯಾಡಿಸಿದರು.
ಮೂರನೆಯದು ನಾಲಿಗೆಗೆ ತಾಗಿದ್ದೇ ತಡ
ವಿನ್ಸ್‌ಲೋ ಬೀಟಿ ಲೋಟ ಕುಕ್ಕಿದ:
"ಇದು ಬ್ರೆನ್ನಿಕ್. ಅಲ್ಲದಿದ್ದರೆ ನನ್ನ ಮೀಸೆ ಬೋಳಿಸಿ.
ವೈನಲ್ಲ ಇದು, ಜೋನಿಬೆಲ್ಲ.
ಒಂದು ಸೀಸೆ ವೆನಿಲ್ಲಾ ಎಸೆನ್ಸಿಗೆ ನೂರ ಹತ್ತು ಡಾಲರು!
ಏರ್‌ಪೋರ್ಟಿನಲ್ಲಿ, ಸ್ಟೇಕ್ ಹೌಸಿನಲ್ಲಿ, ನನ್ನ ಅಳಿಯನ ಬಾಸಿನ ಮನೆಯಲ್ಲಿ,
ಎಲ್ಲಿ ಹೋದರೂ ಇದೇ ಮೂತಿ."

"ತೊಂಬತ್ನಾಲ್ಕರದ್ದು ಕುಡಿದಿದ್ದೀಯಾ ನೀನು?"
ಥಿಯಾ ಲಿಂಡ್‌ಕ್ವಿಸ್ಟ್ ಬಿಡುವವಳಲ್ಲ.
"ಆಗ ಒಗರಿತ್ತು. ದವಡೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವ ಒಗರು.
ಜನ ಸಿಹಿ ಕೇಳಿದರು, ಇವರು ಕೊಟ್ಟರು."
"ಕೊಟ್ಟದ್ದೇ ತಪ್ಪು."
"ಕೇಳಿದ್ದು?"
ಟೈರು ಮಾರುವ ಗ್ರೇಡಿ, ಬಾಯ್ತುಂಬ ಬಿಸ್ಕತ್ತು:
"ಚೆನ್ನಾಗಿದೆ ಅನ್ನೋಕೆ ಇಲ್ಲಿ ಲೈಸೆನ್ಸ್ ಬೇಕಾ?"

ಆಗ ಎದ್ದ ಡೆಸ್ಮಂಡ್ ಪ್ರುಯಿಟ್.
ವರ್ಷಕ್ಕೆ ನಾಲ್ಕು ಮಾತಿನ ಮನುಷ್ಯ,
ನಾಲ್ಕನ್ನೂ ಒಟ್ಟಿಗೇ ಆಡಿದ:
"ಸಿಹಿಯಾದರೆ ಏನಾಯಿತು?
ಕುಡಿಯುವುದೆಲ್ಲ ಪರೀಕ್ಷೆಯೇ ಆಗಬೇಕಾ?
ಬಾಗಿಲು ತೆರೆದು ಬನ್ನಿ ಅನ್ನುವ ವೈನು ಇದು.
ನೀವು ಚಿಲಕದ ರುಚಿ ನೋಡುವವರು."

"ಹಾಗಿದ್ದರೆ ಒಂದು ಪ್ರೇಮಪತ್ರ ಬರೆದು ಅಂಟಿಸಪ್ಪಾ ಬಾಟಲಿಗೆ"
ಅಂದ ವಿನ್ಸ್‌ಲೋ. ನಕ್ಕರು. ನಾನೂ.

ಆಮೇಲೆ ಯಾರ ಮಾತು ಯಾರ ಮೇಲೆ ಬಿತ್ತೋ.
ಪಕ್ಕದ ಮನೆಯ ನಾಯಿ ಕೂಡ ಒಂದು ಅಭಿಪ್ರಾಯ ಹೇಳಿತು.
ಬೈದವರ ಹಲ್ಲು, ಹೊಗಳಿದವರ ಹಲ್ಲು
ಒಂದೇ ನೇರಳೆ;
ಲೋವೆಲ್ ಮಾತ್ರ, ಹಳೆಯ ಚಟ,
ಒಬ್ಬೊಬ್ಬರ ಬಾಯೊಳಗೂ ಇಣುಕುತ್ತಿದ್ದ.
ಜಗಳದ ಭರದಲ್ಲಿ ಚೀಲ ಬಿಚ್ಚುವುದೇ ಮರೆತು
ಹತ್ತೂವರೆಗೆ ಕಾರು ಹತ್ತಿದರು.

ಸಿಂಕಿಗೆ ಸುಳ್ಳು ಹೇಳಲಾಗದು.
ವಿನ್ಸ್‌ಲೋನ ಲೋಟ ಬೆಕ್ಕು ನೆಕ್ಕಿದಷ್ಟು ಚೊಕ್ಕ.
ಥಿಯಾಳದ್ದಕ್ಕೆ ಎರಡೂ ಕಡೆ ಲಿಪ್‌ಸ್ಟಿಕ್ಕು.
ಗ್ರೇಡಿಯದ್ದರ ತಳದಲ್ಲಿ ಬಿಸ್ಕತ್ತಿನ ಪುಡಿ.
ಡೆಸ್ಮಂಡನದ್ದು
ಸುರಿದ ಹಾಗೇ ಇತ್ತು.
ಅಂಚಿನಲ್ಲಿ ತುಟಿಯ ಗುರುತೂ ಇಲ್ಲ.

ಮೂರನೆಯ ಚೀಲ ಎಳೆದೆ. ಬ್ರೆನ್ನಿಕ್ಕೇ.
ವಿನ್ಸ್‌ಲೋನ ಮೀಸೆ ಉಳಿಯಿತು.
ಕತ್ತಿನಲ್ಲಿ ಉಣ್ಣೆ ದಾರ, ದಾರಕ್ಕೆ ಚೀಟಿ,
ಚೀಟಿಯಲ್ಲಿ ಕೊರಿನ್‌ಳ ಅಕ್ಷರ, ನನಗೆ ಗೊತ್ತು,
ಅವಳು ಬರೆದುಕೊಟ್ಟ ಏಪ್ರಿಕಾಟ್ ಜಾಮು
ಇನ್ನೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ:
"ನಲವತ್ತನೆಯ ವರ್ಷಕ್ಕೆ.
ಮುಂಚೆ ಮುಟ್ಟಿದರೆ ಕೈ ಮುರಿದೇನು."

ನಲವತ್ತು ತುಂಬುವುದು ಸೆಪ್ಟೆಂಬರಿಗೆ.
ನಾವೆಲ್ಲ ಕಪ್ಪು ಕೋಟು ಹಾಕಿ
ಮಳೆಯಲ್ಲಿ ನಿಂತದ್ದು ಮಾರ್ಚಿನಲ್ಲಿ.

"ವೆರ್ನಾ, ಮೂರನೆಯದು ಯಾವುದಂತೆ?"
ಮಹಡಿಯಿಂದ ಲೋವೆಲ್.
"ನೋಡಲಿಲ್ಲ. ಚೀಲ ಒದ್ದೆಯಾಗಿದೆ."

ಹನ್ನೊಂದು ವರ್ಷದ ಮೇಲೆ ಮೊದಲ ಸಲ
ಒಂದು ಲೋಟದ ಹತ್ತಿರ ಮೂಗು ತಂದೆ.
ವೆನಿಲ್ಲಾ.
ವಿನ್ಸ್‌ಲೋ ಹೇಳಿದ್ದು ಸುಳ್ಳಲ್ಲ.
ಸಾಸರು ಮುಚ್ಚಿಟ್ಟೆ. ಚೆಲ್ಲಲು ಕೈ ಬರಲಿಲ್ಲ.
ಉಣ್ಣೆ ದಾರ ಬಿಚ್ಚಲು ಮಾತ್ರ ತುಂಬಾ ಹೊತ್ತು ಹಿಡಿಯಿತು,
ಆ ಹೆಂಗಸು ಗಂಟು ಹಾಕಿದರೆ ಹಾಗೆಯೇ.